ಅಪರಾಧ ಸಾಬೀತಾದ ಮೇಲೆ ಶಿಕ್ಷೆ ಕಡಿಮೆಯಾಗಲು ಕೋರ್ಟ್ ಏನೇನು ನೋಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ಜಮಖಂಡಿ, ಮುಧೋಳ ಕೋರ್ಟುಗಳಿಗೆ ಬರುವ ಆರೋಪಿಗಳ ಮನೆಯವರು ಕೇಸು ಮುಗಿಯುವವರೆಗೂ ಕೇಳುವುದು ಒಂದೇ ಮಾತು: "ಸಾಹೇಬ್ರ, ಖುಲಾಸೆ ಆಗ್ತೈತಿಲ್ಲರಿ?" ಖುಲಾಸೆ ಆಗದಿದ್ದರೆ ಮುಂದೇನು ಅಂತ ಯಾರೂ ಕೇಳುವುದಿಲ್ಲ. ವಕೀಲರೂ ಹೇಳುವುದು ಕಡಿಮೆ. ಕೊನೆಗೆ ಜಡ್ಜ್ ಅಪರಾಧ ಸಾಬೀತಾಗಿದೆ ಅಂದು, "ಶಿಕ್ಷೆ ಬಗ್ಗೆ ಏನು ಹೇಳುತ್ತೀರಿ?" ಅಂತ ಕೇಳುವ ಹೊತ್ತಿಗೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ. "ಬಡವ, ಮೊದಲ ತಪ್ಪು, ಮುದುಕಿ ತಾಯಿ ಇದ್ದಾಳೆ, ದಯೆ ತೋರಿಸಬೇಕು" ಅಂತ ಎರಡು ಮಾತು ಹೇಳಿ ಕೂತುಬಿಡುತ್ತಾರೆ. ಈ ಭಾಗದ ಕೋರ್ಟುಗಳಲ್ಲಿ ವಕೀಲಿ ಮಾಡುವ ನನಗೆ ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆ ಘಟ್ಟಕ್ಕೆ ಮೊದಲೇ ತಯಾರಿ ಬೇಕು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ತೀರ್ಪು ಬಂತು ಅಂದರೆ ಶಿಕ್ಷೆಯೂ ಆದಂತೆಯೇ ಅಲ್ವಾ?

ಅಲ್ಲ. ತಪ್ಪು ಮಾಡಿದ್ದಾನೋ ಇಲ್ಲವೋ ಅನ್ನುವುದು ಒಂದು ತೀರ್ಮಾನ. ಮಾಡಿದ್ದರೆ ಎಷ್ಟು ಶಿಕ್ಷೆ ಅನ್ನುವುದು ಬೇರೆಯೇ ತೀರ್ಮಾನ. ಎರಡರ ನಡುವೆ ಒಂದು ವಿಚಾರಣೆ ಇದೆ. ಸೆಷನ್ಸ್ ಕೋರ್ಟಿನಲ್ಲಿ ಇದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 258(2) ಆಧಾರ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 235(2) ಆಗಿತ್ತು. ಮ್ಯಾಜಿಸ್ಟ್ರೇಟ್ ಮುಂದೆ ನಡೆಯುವ ವಾರಂಟ್ ಕೇಸುಗಳಿಗೆ ಈಗ ಕಲಂ 271(2) ಇದೆ. ಎರಡು ವರ್ಷದೊಳಗಿನ ಶಿಕ್ಷೆಯ ಸಣ್ಣ ಸಮನ್ಸ್ ಕೇಸುಗಳಲ್ಲಿ ಹೀಗೆ ಪ್ರತ್ಯೇಕ ಘಟ್ಟ ಇಲ್ಲ. ಹಾಗಂತ ಹೇಳಬೇಕಾದ್ದನ್ನು ಹೇಳಬಾರದು ಅಂತೇನಿಲ್ಲ. ಅಂತಿಮ ವಾದದ ಜೊತೆಗೇ ಹೇಳಬಹುದು.

ಈ ವಿಚಾರಣೆ ಬರೀ ಶಾಸ್ತ್ರಕ್ಕೆ ಮಾಡುವಂಥದ್ದಲ್ಲ. 1976ರಲ್ಲಿ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಡ್ಡಾಯ ಅಂದಿತು. ಇಲ್ಲಿ ಬಾಯಿಮಾತು ಮಾತ್ರ ಅಲ್ಲ, ದಾಖಲೆ, ಸಾಕ್ಷಿ ಕೊಡಲೂ ಅವಕಾಶ ಇರಬೇಕು ಅಂತ ಹೇಳಿತು. 1989ರ ಅಲ್ಲಾವುದ್ದೀನ್ ಮಿಯಾನ್ ಪ್ರಕರಣದಲ್ಲಿ, ಸಾಮಾನ್ಯವಾಗಿ ತೀರ್ಪು ಹೇಳಿದ ಮೇಲೆ ಶಿಕ್ಷೆಯ ವಿಚಾರಣೆಗೆ ಬೇರೆ ದಿನ ಕೊಡಬೇಕು, ಎರಡೂ ಕಡೆಯವರು ತಮ್ಮ ದಾಖಲೆ ತರಲಿ ಅಂದಿತು. ಆದ್ದರಿಂದ ನಿಮ್ಮ ವಕೀಲರು "ಸ್ವಾಮಿ, ದಾಖಲೆ ಹಾಜರುಪಡಿಸಲು ಸಮಯ ಕೊಡಿ" ಅಂತ ಕೇಳುವುದು ಧೈರ್ಯದ ಮಾತೇನಲ್ಲ, ಹಕ್ಕಿನ ಮಾತು.

ಶಿಕ್ಷೆ ಎಷ್ಟು ಅಂತ ಪುಸ್ತಕದಲ್ಲೇ ಬರೆದಿರುತ್ತಲ್ಲ? ಜಡ್ಜ್ ಕೈಯಲ್ಲಿ ಏನಿದೆ?

ಪುಸ್ತಕದಲ್ಲಿ ಇರುವುದು ಹೆಚ್ಚಾಗಿ ಮೇಲಿನ ಮಿತಿ. ಮೂಳೆ ಮುರಿಯುವಂಥ ಪೆಟ್ಟಿಗೆ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 117(2) "ಏಳು ವರ್ಷದವರೆಗೆ" ಅನ್ನುತ್ತದೆ. ಅಂದರೆ ಒಂದು ದಿನವೂ ಆಗಬಹುದು, ಏಳು ವರ್ಷವೂ ಆಗಬಹುದು. ಆದರೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟ್ ಮೂರು ವರ್ಷಕ್ಕಿಂತ ಜಾಸ್ತಿ ಕೊಡುವಂತಿಲ್ಲ.

ಇಷ್ಟು ದೊಡ್ಡ ಅಂತರದಲ್ಲಿ ಎಲ್ಲಿ ನಿಲ್ಲಬೇಕು ಅಂತ ಹೇಳುವ ಶಿಕ್ಷಾ ಮಾರ್ಗಸೂಚಿ ಕಾನೂನು ನಮ್ಮ ದೇಶದಲ್ಲಿ ಇಲ್ಲ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠರ ಸಮಿತಿ 2003ರಲ್ಲೇ ಇಂಥ ಮಾರ್ಗಸೂಚಿ ಬೇಕು ಅಂತ ಶಿಫಾರಸು ಮಾಡಿತ್ತು. ಅದು ಕಾನೂನಾಗಿ ಬರಲಿಲ್ಲ. ಹಾಗಾಗಿ ಒಂದೇ ಥರದ ಎರಡು ಕೇಸಿನಲ್ಲಿ ಎರಡು ಥರದ ಶಿಕ್ಷೆ ಆಗುವುದುಂಟು. ಜಡ್ಜ್ ಮುಂದೆ ಏನು ಇಟ್ಟಿದ್ದೀರಿ ಅನ್ನುವುದಕ್ಕೆ ಬೆಲೆ ಬರುವುದು ಇದೇ ಕಾರಣಕ್ಕೆ.

ಹಾಗಾದರೆ ಯಾವ ಸಂಗತಿಗಳು ಶಿಕ್ಷೆ ತಗ್ಗಿಸುತ್ತವೆ?

ಕೋರ್ಟುಗಳು ವರ್ಷಗಳಿಂದ ಲೆಕ್ಕಕ್ಕೆ ತೆಗೆದುಕೊಂಡು ಬಂದಿರುವವು ಇವು: ವಯಸ್ಸು, ಅದರಲ್ಲೂ ತೀರಾ ಎಳೆಯದು ಅಥವಾ ತೀರಾ ಇಳಿವಯಸ್ಸು, ಹಿಂದೆ ಯಾವ ಶಿಕ್ಷೆಯೂ ಆಗಿಲ್ಲದಿರುವುದು, ಮೊದಲೇ ಯೋಚಿಸಿ ಮಾಡದೆ ಒಮ್ಮೆಲೇ ಎದ್ದ ಜಗಳ, ಎದುರಿನವರು ಕೆರಳಿಸಿದ್ದು, ಗುಂಪಿನಲ್ಲಿ ಸಣ್ಣ ಪಾತ್ರ, ಬೇರೆಯವರ ಒತ್ತಡಕ್ಕೆ, ಹೆದರಿಕೆಗೆ ಮಣಿದದ್ದು, ಮಾನಸಿಕ ಕಾಯಿಲೆ, ಘಟನೆ ಆದ ಮೇಲೆ ಗಾಯಾಳುವಿಗೆ ಸಹಾಯ ಮಾಡಿದ್ದು, ಪರಿಹಾರ ಕೊಟ್ಟದ್ದು, ಆರೋಪಿಯ ತಪ್ಪಿಲ್ಲದೆ ಕೇಸು ಹತ್ತಾರು ವರ್ಷ ಎಳೆದದ್ದು, ಆ ಅವಧಿಯಲ್ಲಿ ಅವನು ನೆಟ್ಟಗೆ ಬದುಕಿದ್ದು, ಸುಧಾರಿಸುವ ಸಾಧ್ಯತೆ.

ಇವುಗಳಲ್ಲಿ ಯಾವುದೂ ತಾನೇ ತಾನಾಗಿ ಕೆಲಸ ಮಾಡುವುದಿಲ್ಲ. ಸರ್ಕಾರಿ ವಕೀಲರು ಇನ್ನೊಂದು ತಕ್ಕಡಿಗೆ ತಮ್ಮ ಸಂಗತಿ ಹಾಕುತ್ತಾರೆ: ಮಚ್ಚು ತಂದಿದ್ದ, ಬಿದ್ದವನಿಗೆ ಮತ್ತೆ ಹೊಡೆದ, ಮಗುವಿನ ಮೇಲೆ ಕೈ ಮಾಡಿದ, ಜಾಮೀನಿನಲ್ಲಿದ್ದಾಗ ಸಾಕ್ಷಿಗೆ ಹೆದರಿಸಿದ. ಕೊನೆಯದನ್ನು ಮನೆಯವರು ಹಗುರ ಮಾಡಿಕೊಳ್ಳುತ್ತಾರೆ. ಸಾಕ್ಷಿಯ ಮನೆಗೆ ಹೋಗಿ "ಸ್ವಲ್ಪ ನೋಡಿ ಹೇಳ್ರಿ" ಅಂದದ್ದು ದಾಖಲಾಯಿತು ಅಂದರೆ, ಒಳ್ಳೆಯ ನಡತೆಯ ನಿಮ್ಮ ಕಾಗದ ಎಷ್ಟಿದ್ದರೂ ನಿಲ್ಲುವುದಿಲ್ಲ.

ಒಂದು ಉದಾಹರಣೆ ಕೊಟ್ಟು ಹೇಳಿ.

ಹೀಗೆ ಕಲ್ಪಿಸಿಕೊಳ್ಳಿ. ಮುಧೋಳ ಕಡೆಯ ಒಂದು ಹಳ್ಳಿ. ಅಣ್ಣತಮ್ಮಂದಿರ ಮಕ್ಕಳು. ಬೋರ್‌ವೆಲ್ ಒಂದೇ, ಪಾಳಿ ಪ್ರಕಾರ ನೀರು. ತ್ರೀ ಫೇಸ್ ಕರೆಂಟ್ ಬಂದದ್ದು ರಾತ್ರಿ. ಪಾಳಿ ಯಾರದು ಅನ್ನುವುದಕ್ಕೆ ಮಾತಿಗೆ ಮಾತು ಬೆಳೆದು, 22 ವರ್ಷದ ಹುಡುಗ ಬದುವಿನ ಮೇಲೆ ಬಿದ್ದಿದ್ದ ಬಡಿಗೆ ಎತ್ತಿ ಕಾಕಾನ ಮಗನಿಗೆ ಹೊಡೆದ. ಮುಂಗೈ ಮೂಳೆ ಮುರಿಯಿತು. ಆಮೇಲೆ ಗಾಬರಿಯಾಗಿ ತಾನೇ ಬೈಕಿನ ಮೇಲೆ ಕೂರಿಸಿಕೊಂಡು ತಾಲೂಕು ಆಸ್ಪತ್ರೆಗೆ ತಂದ. ಕಲಂ 117(2)ರಲ್ಲಿ ಕೇಸಾಯಿತು, ಸಾಬೀತೂ ಆಯಿತು.

ಈಗ ವಕೀಲರು ಎದ್ದು "ಹುಡುಗ ಒಳ್ಳೆಯವನು, ತಾನೇ ಆಸ್ಪತ್ರೆಗೆ ಕರಕೊಂಡು ಹೋಗಿದ್ದಾನೆ" ಅಂದರೆ ಅದು ವಕೀಲರ ಮಾತು ಅಷ್ಟೆ. ಆದರೆ ಹೊಡೆದಾಟದ ಕೇಸು ಆಸ್ಪತ್ರೆಗೆ ಬಂದಾಗ ಎಂಎಲ್‌ಸಿ (ಪೊಲೀಸ್ ಕೇಸಿನ ಗಾಯಾಳುಗಳ) ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಗಾಯಾಳುವನ್ನು ಯಾರು ಕರೆತಂದರು, ಎಷ್ಟು ಗಂಟೆಗೆ ಅಂತ ಅಲ್ಲಿ ಇರುತ್ತದೆ. ಅಲ್ಲಿ ಇದೇ ಹುಡುಗನ ಹೆಸರಿದ್ದರೆ, ಆ ಪುಟದ ದೃಢೀಕೃತ ಪ್ರತಿ ಒಂದೇ ಸಾಕು. ಯಾವ ಭಾಷಣವೂ ಬೇಡ. ಬಡಿಗೆ ಮನೆಯಿಂದ ತಂದದ್ದಲ್ಲ, ಅಲ್ಲೇ ಬಿದ್ದಿತ್ತು ಅನ್ನುವುದು ಪಂಚನಾಮೆಯಲ್ಲಿ, ಸಾಕ್ಷಿಗಳ ಪಾಟೀಸವಾಲಿನಲ್ಲಿ ಹೊರಬಂದಿರಬೇಕು. ಹೊಡೆತ ಒಂದೇ ಅನ್ನುವುದು ಗಾಯದ ಪ್ರಮಾಣಪತ್ರದಲ್ಲಿ ಇರುತ್ತದೆ. ಚಿಕಿತ್ಸೆಗೆ ಹಣ ಕೊಟ್ಟಿದ್ದರೆ ಕೈಗೆ ಕೈ ಕೊಟ್ಟದ್ದು ನಿಲ್ಲುವುದಿಲ್ಲ. ಬ್ಯಾಂಕ್ ಮೂಲಕ ಕೊಟ್ಟದ್ದು, ಇಲ್ಲವೇ ಕೋರ್ಟಿನಲ್ಲಿ ಠೇವಣಿ ಇಟ್ಟದ್ದು ನಿಲ್ಲುತ್ತದೆ.

ಗಮನಿಸಿ: ಇದರಲ್ಲಿ ಅರ್ಧ ಕೆಲಸ ಕೇಸು ನಡೆಯುವಾಗಲೇ ಆಗಬೇಕಾದ್ದು. ತೀರ್ಪಿನ ದಿನ ಹುಡುಕಲು ಹೊರಟರೆ ಸಿಗುವುದಿಲ್ಲ.

"ನಾನು ಹೊಡೆದೇ ಇಲ್ಲ" ಅಂತ ಕೇಸು ನಡೆಸಿ, ಕೊನೆಗೆ "ಪಶ್ಚಾತ್ತಾಪ ಆಗಿದೆ" ಅಂದರೆ ಯಾರು ನಂಬುತ್ತಾರೆ?

ಒಳ್ಳೆಯ ಪ್ರಶ್ನೆ. ಮೇಲಿನ ಉದಾಹರಣೆಯಲ್ಲೂ ಈ ಗಂಟು ಇದೆ. ಆಸ್ಪತ್ರೆಯ ರಿಜಿಸ್ಟರ್ ತೋರಿಸಿದರೆ ಹುಡುಗ ಸ್ಥಳದಲ್ಲಿದ್ದ ಅಂತ ಒಪ್ಪಿದಂತಾಗುತ್ತದೆ. ಅವನು ಅಲ್ಲಿ ಇರಲೇ ಇಲ್ಲ ಅಂತ ವಾದ ಮಾಡಿದ್ದರೆ ಎರಡೂ ಹೊಂದುವುದಿಲ್ಲ. ಆದ್ದರಿಂದ ಯಾವ ವಾದ ಹಿಡಿಯಬೇಕು ಅಂತ ಮೊದಲ ದಿನವೇ ವಕೀಲರ ಜೊತೆ ಕೂತು ಮಾತಾಡಿ. ಎಲ್ಲವನ್ನೂ ಅಲ್ಲಗಳೆಯುವುದೇ ಜಾಣತನ ಅಂತ ಊರಲ್ಲಿ ಹೇಳಿಕೊಡುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಹೊಡೆದಾಟದ ಎಷ್ಟೋ ಕೇಸುಗಳಲ್ಲಿ ಅದೇ ಮುಳುವಾಗುತ್ತದೆ.

ಇಷ್ಟು ನೆನಪಿರಲಿ. ಶಿಕ್ಷೆಯ ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಳ್ಳಲೇಬೇಕು ಅಂತ ಇಲ್ಲ. "ತೀರ್ಪನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು ಉಳಿಸಿಕೊಂಡು, ಗಾಯಾಳುವಿನ ಚಿಕಿತ್ಸೆಗೆ ಇಷ್ಟು ಹಣ ಇಡಲು ಸಿದ್ಧ" ಅಂತ ಹೇಳಬಹುದು. ವಯಸ್ಸು, ಓದು, ಉದ್ಯೋಗ, ಕಾಯಿಲೆ, ನಡತೆ ಇವನ್ನು ತೋರಿಸುವುದಕ್ಕೂ ತಪ್ಪೊಪ್ಪಿಗೆ ಬೇಕಿಲ್ಲ.

ಕುಡಿದಿದ್ದ, ಎಚ್ಚರ ಇರಲಿಲ್ಲ. ಇದು ನಡೆಯುತ್ತಾ?

ನಡೆಯುವುದಿಲ್ಲ ಅಂತಲೇ ತಿಳಿದುಕೊಳ್ಳಿ. ಗೊತ್ತಿಲ್ಲದೆ ಅಥವಾ ಬಲವಂತವಾಗಿ ಕುಡಿಸಿದ್ದರೆ ಮಾತ್ರ ಕಾನೂನು ರಕ್ಷಣೆ ಕೊಡುತ್ತದೆ (ನ್ಯಾಯ ಸಂಹಿತೆಯ ಕಲಂ 23). ತಾನಾಗಿ ಕುಡಿದವನಿಗೆ ಅದು ಇಲ್ಲ. ಶಿಕ್ಷೆ ಇಳಿಸಲು ಕಾರಣ ಅಂತ ಹೇಳಲು ಹೋದರೂ ಸಾಮಾನ್ಯವಾಗಿ ತಿರುಗುಬಾಣ ಆಗುತ್ತದೆ.

ಬಡತನ, ಅನಕ್ಷರತೆ, ಮನೆಗೆ ದುಡಿಯುವವನು ಒಬ್ಬನೇ ಅನ್ನುವುದು?

ಸಣ್ಣ ಪುಟ್ಟ ಅಪರಾಧಗಳಲ್ಲಿ ಇವಕ್ಕೆ ತೂಕ ಇದೆ. ಘೋರ ಅಪರಾಧಗಳಲ್ಲಿ ಇವು ಮಾತ್ರ ಸಾಲವು. 2000ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕರ್ನಾಟಕದ್ದೇ ಪ್ರಕರಣ ಇದಕ್ಕೆ ಸಾಕ್ಷಿ. ಪುಟ್ಟ ಹುಡುಗಿಯ ಮೇಲಿನ ಅತ್ಯಾಚಾರದಲ್ಲಿ ವಿಚಾರಣಾ ಕೋರ್ಟ್ 10 ವರ್ಷ ಕೊಟ್ಟಿತ್ತು. ಹೈಕೋರ್ಟ್ ಅದನ್ನು 4 ವರ್ಷಕ್ಕೆ ಇಳಿಸಿತು. ಕೊಟ್ಟ ಕಾರಣ: ಓದುಬರಹ ಇಲ್ಲದವನು, ದುರ್ಬಲ ವರ್ಗದವನು, ಕುಡಿತದ ಚಟ ಇದ್ದವನು, ವಯಸ್ಸಾದ ತಾಯಿ, ಹೆಂಡತಿ, ಮಕ್ಕಳು ಅವನನ್ನೇ ನಂಬಿದ್ದಾರೆ. ಸುಪ್ರೀಂ ಕೋರ್ಟ್ ಈ ಕಾರಣಗಳನ್ನು ಒಪ್ಪದೆ 10 ವರ್ಷವನ್ನೇ ಮತ್ತೆ ಎತ್ತಿಹಿಡಿಯಿತು. ಆ ಮಗುವಿನ ಕಡೆಯಿಂದ ನೋಡಿದರೆ ಅದೇ ಸರಿ ಅಂತ ನನಗೂ ಅನ್ನಿಸುತ್ತದೆ.

ಮನೆಯ ಪರಿಸ್ಥಿತಿ ಹೇಳುವುದಾದರೆ ಗಟ್ಟಿಯಾಗಿ ಹೇಳಿ. "ತಾಯಿ ಮುದುಕಿ" ಅನ್ನುವುದಕ್ಕಿಂತ, ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕು, ಕರೆದುಕೊಂಡು ಹೋಗುವವನು ಇವನೊಬ್ಬನೇ ಅನ್ನುವ ಆಸ್ಪತ್ರೆಯ ಕಾಗದ ಹೆಚ್ಚು. ರೇಷನ್ ಕಾರ್ಡ್, ಹೊಲದ ಉತಾರ, ಸೊಸೈಟಿಯ ಸಾಲದ ಪತ್ರ, ಮಕ್ಕಳ ಶಾಲೆಯ ದಾಖಲೆ ಎಲ್ಲ ಇರಲಿ.

ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತಾರಂತೆ, ನಿಜವಾ?

ನಿಜ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದಕ್ಕೇ ಇದೆ. ಜನ ಇದನ್ನು ಪ್ರೊಬೇಷನ್ ಅಂತಲೇ ಕರೆಯುತ್ತಾರೆ. ಇದರಷ್ಟು ಒಳ್ಳೆಯದಾಗಿಯೂ ಇಷ್ಟು ಕಡಿಮೆ ಬಳಕೆಯಾಗುವ ಕಾನೂನು ನನಗೆ ಬೇರೆ ಗೊತ್ತಿಲ್ಲ.

ಕಲಂ 3ರಲ್ಲಿ ಸಣ್ಣ ಕಳ್ಳತನ, ಮೋಸ, ಅಥವಾ ಎರಡು ವರ್ಷದೊಳಗಿನ ಶಿಕ್ಷೆಯ ಅಪರಾಧಕ್ಕೆ, ಹಿಂದೆ ಶಿಕ್ಷೆ ಆಗಿಲ್ಲದವರನ್ನು ಬುದ್ಧಿ ಹೇಳಿ ಬಿಡಬಹುದು. ಕಲಂ 4 ಇನ್ನೂ ದೊಡ್ಡದು. ಮರಣದಂಡನೆ ಅಥವಾ ಜೀವಾವಧಿ ವಿಧಿಸಬಹುದಾದ ಅಪರಾಧ ಬಿಟ್ಟು ಉಳಿದವಕ್ಕೆ, ಮೂರು ವರ್ಷದವರೆಗೆ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಇದಕ್ಕೆ ಆರೋಪಿಗೋ ಜಾಮೀನುದಾರನಿಗೋ ಖಾಯಂ ವಿಳಾಸ ಇಲ್ಲವೇ ಉದ್ಯೋಗ ಇರಬೇಕು. ಮುಚ್ಚಳಿಕೆ ಮುರಿದರೆ ಮತ್ತೆ ಕರೆಸಿ ಮೂಲ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಕಲಂ 5ರಲ್ಲಿ ಗಾಯಾಳುವಿಗೆ ಪರಿಹಾರ ಕೊಡಿಸುವ ಅಧಿಕಾರವೂ ಇದೆ.

ಎಳೆಯರಿಗೆ ಕಲಂ 6. ಜೀವಾವಧಿ ಇಲ್ಲದ ಅಪರಾಧದಲ್ಲಿ 21 ವರ್ಷ ತುಂಬದವರನ್ನು ಜೈಲಿಗೆ ಕಳಿಸಬಾರದು; ಕಳಿಸಲೇಬೇಕು ಅಂದರೆ ಜಡ್ಜ್ ಕಾರಣ ಬರೆಯಬೇಕು, ಅದಕ್ಕೂ ಮೊದಲು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. ವಯಸ್ಸು ಲೆಕ್ಕ ಹಾಕುವುದು ಘಟನೆಯ ದಿನಕ್ಕಲ್ಲ, ಕೋರ್ಟ್ ಶಿಕ್ಷೆಯ ಬಗ್ಗೆ ತೀರ್ಮಾನಿಸುವ ದಿನಕ್ಕೆ. ಕೇಸು ಎಳೆದಷ್ಟೂ ಈ ರಕ್ಷಣೆ ಕೈತಪ್ಪುತ್ತದೆ. 19ರ ಹುಡುಗನ ಕೇಸನ್ನು ಸುಮ್ನೆ ಮುಂದೂಡಿಸಿಕೊಂಡು ಹೋಗುವ ಮೊದಲು ಇದನ್ನು ಯೋಚಿಸಿ.

ಪರಿವೀಕ್ಷಣಾಧಿಕಾರಿ ಊರಿಗೆ ಬಂದು ವಿಚಾರಿಸುತ್ತಾರೆ. ಅಕ್ಕಪಕ್ಕದವರನ್ನು, ಪಂಚಾಯಿತಿಯವರನ್ನು, ಕೆಲಸ ಕೊಟ್ಟವರನ್ನು ಕೇಳುತ್ತಾರೆ. ಅವರೆದುರು ಕಥೆ ಕಟ್ಟಬೇಡಿ. ಇದ್ದದ್ದನ್ನು ಇದ್ದಂತೆ ಹೇಳಿ.

ಆರೋಪದ ಕಲಂ ಯಾವುದು ಅನ್ನುವುದೂ ಇಲ್ಲಿ ಮುಖ್ಯ. ಅದೇ ಮುರಿದ ಕೈ, ಬಡಿಗೆ ಬದಲು ಕೊಡಲಿಯಿಂದ ಆಗಿದ್ದರೆ ನ್ಯಾಯ ಸಂಹಿತೆಯ ಕಲಂ 118(2). ಅದರಲ್ಲಿ ಜೀವಾವಧಿಯವರೆಗೂ ಅವಕಾಶ ಇದೆ, ಕನಿಷ್ಠ ಒಂದು ವರ್ಷ ಅಂತಲೂ ಇದೆ. ಆಗ ಕಲಂ 4, 6ರ ಬಾಗಿಲು ಮುಚ್ಚುತ್ತದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಶಿಕ್ಷೆಯಾದ 18 ದಾಟಿದವರಿಗೂ ಪ್ರೊಬೇಷನ್ ಇಲ್ಲ. ಆ ಕಾಯ್ದೆಯ ಕಲಂ 19 ಅದನ್ನು ನೇರವಾಗಿ ತಡೆಯುತ್ತದೆ.

ಪ್ರೊಬೇಷನ್ ಸಿಕ್ಕರೆ ಸರ್ಕಾರಿ ನೌಕರಿಗೆ ತೊಂದರೆ ಇಲ್ಲ ಅಲ್ವಾ?

ಪರಿವೀಕ್ಷಣಾ ಕಾಯ್ದೆಯ ಕಲಂ 12 ಒಂದು ಮಟ್ಟಿಗೆ ರಕ್ಷಣೆ ಕೊಡುತ್ತದೆ. ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ಆದರೆ ಅಪರಾಧಿ ಅನ್ನುವ ತೀರ್ಪು ಅಳಿಸಿಹೋಗುವುದಿಲ್ಲ. ನೌಕರಿಯಲ್ಲಿರುವವರ ಮೇಲೆ ಇಲಾಖೆ ಅದೇ ನಡತೆಯ ಕಾರಣಕ್ಕೆ ಕ್ರಮ ಕೈಗೊಳ್ಳಬಹುದು.

ಘಟನೆ ಆದಾಗ ಹುಡುಗನಿಗೆ 18 ತುಂಬಿರಲಿಲ್ಲ ಅಂತ ಈಗ ಗೊತ್ತಾಗಿದೆ. ತಡವಾಯಿತಾ?

ತಡವಾಗಿಲ್ಲ. ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಈ ಮಾತನ್ನು ಯಾವ ಹಂತದಲ್ಲೂ, ಶಿಕ್ಷೆ ಆದ ಮೇಲೂ ಎತ್ತಬಹುದು. ಇಲ್ಲಿ ಲೆಕ್ಕ ಘಟನೆಯ ದಿನದ ವಯಸ್ಸು. ಇದು ಶಿಕ್ಷೆ ತಗ್ಗಿಸುವ ಸಂಗತಿಯೂ ಅಲ್ಲ, ಕೇಸಿನ ದಾರಿಯನ್ನೇ ಬದಲಿಸುವಂಥದ್ದು. ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು, ಅವು ಇಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಅಂದಾಜಿಗೆ ಜೂನ್ 1 ಅಂತ ಬರೆಸುವುದು ರೂಢಿ. ಮನೆಯವರ ಲೆಕ್ಕ ಬೇರೆ ಇದ್ದರೂ ಕೋರ್ಟ್ ಮೊದಲು ನೋಡುವುದು ಆ ಕಾಗದವನ್ನೇ.

ಹಿರಿಯರು ಕೂತು ರಾಜಿ ಮಾಡಿಸಿದ್ದಾರೆ. ಕೇಸು ಮುಗಿಯಿತಾ?

ಕಲಂ ಮೇಲೆ ನಿಂತಿದೆ. ಸಾಮಾನ್ಯ ಪೆಟ್ಟಿನ 115(2) ಪಕ್ಷಗಾರರೇ ರಾಜಿ ಮಾಡಿಕೊಳ್ಳಬಹುದಾದದ್ದು. ಮೂಳೆ ಮುರಿದ 117(2) ಕೋರ್ಟಿನ ಅನುಮತಿ ಪಡೆದು ರಾಜಿ ಆಗಬಹುದು. ಕೊಲೆ ಯತ್ನದಂಥವು ರಾಜಿಗೆ ಬರುವುದಿಲ್ಲ. ಆದರೆ ರಾಜಿಗೆ ಬಾರದ ಅಪರಾಧದಲ್ಲೂ ಎರಡೂ ಮನೆಯವರು ಮತ್ತೆ ಒಂದಾಗಿದ್ದಾರೆ ಅನ್ನುವುದನ್ನು ಶಿಕ್ಷೆ ಇಳಿಸಲು ಸುಪ್ರೀಂ ಕೋರ್ಟ್ ಹಲವು ಸಲ ಪರಿಗಣಿಸಿದೆ.

ಊರ ಕಟ್ಟೆಯ ಮೇಲೆ ಆದ ರಾಜಿ ಕೋರ್ಟಿಗೆ ಕಾಣುವುದಿಲ್ಲ. ಗಾಯಾಳು ಸ್ವತಃ ಬಂದು ಹೇಳಬೇಕು, ಇಲ್ಲವೇ ಪ್ರಮಾಣಪತ್ರ ಸಲ್ಲಿಸಬೇಕು. ಅದೂ ಸ್ವಇಚ್ಛೆಯಿಂದ ಆಗಬೇಕು. ಬಡವರ ಮನೆಯವರನ್ನು ಗೌಡರ ಮನೆಗೆ ಕರೆಸಿ ಸಹಿ ಹಾಕಿಸಿಕೊಂಡದ್ದನ್ನು ನಾನು ರಾಜಿ ಅನ್ನುವುದಿಲ್ಲ.

ಜಗಳ ತೆಗೆದದ್ದು ಅವರೇ. ಅದಕ್ಕೆ ಬೆಲೆ ಇಲ್ಲವೇ?

ಇದೆ, ಎರಡು ಕಡೆ. ಒಂದು, ಅಪರಾಧ ಯಾವುದು ಅಂತ ತೀರ್ಮಾನಿಸುವಾಗ. ಒಮ್ಮೆಲೇ, ತೀವ್ರವಾಗಿ ಕೆರಳಿಸಿದ್ದರಿಂದ ಹತೋಟಿ ತಪ್ಪಿ ಕೊಂದರೆ, ಅಥವಾ ದಿಢೀರ್ ಜಗಳದಲ್ಲಿ ಕ್ರೂರವಾಗಿ ನಡೆದುಕೊಳ್ಳದೆ ಕೊಂದರೆ, ಅದು ಕಲಂ 103ರ ಕೊಲೆ ಆಗದೆ 105ಕ್ಕೆ ಇಳಿಯಬಹುದು. 103ರಲ್ಲಿ ಇರುವುದು ಎರಡೇ ಶಿಕ್ಷೆ, ಮರಣದಂಡನೆ ಇಲ್ಲವೇ ಜೀವಾವಧಿ. 105ರಲ್ಲಿ ಕೊಲ್ಲುವ ಉದ್ದೇಶ ಇದ್ದರೆ ಜೀವಾವಧಿ ಇಲ್ಲವೇ 5ರಿಂದ 10 ವರ್ಷ, ಬರೀ ತಿಳಿವಳಿಕೆ ಇದ್ದರೆ 10 ವರ್ಷದವರೆಗೆ. ಎರಡನೆಯದು, ಅಷ್ಟು ಮಟ್ಟದ ಕೆರಳಿಕೆ ಅಲ್ಲದಿದ್ದರೂ ಶಿಕ್ಷೆಯ ಪ್ರಮಾಣ ನಿಗದಿ ಮಾಡುವಾಗ.

ಬೆಳಿಗ್ಗೆ ಬೈದದ್ದಕ್ಕೆ ಸಂಜೆ ಮಚ್ಚು ಹಿಡಿದು ಹೋದರೆ ಅದು ಕೆರಳಿಕೆ ಅಲ್ಲ, ಸೇಡು.

ಕಬ್ಬಿನ ಟ್ರ್ಯಾಕ್ಟರ್ ಅಪಘಾತ. ಬೇಕಂತ ಮಾಡಿದ್ದಲ್ಲವಲ್ಲ, ಬಿಡುತ್ತಾರಾ?

ಕಾರ್ಖಾನೆ ಹಂಗಾಮು ಶುರುವಾದರೆ ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಈ ಪ್ರಶ್ನೆ ಬರುತ್ತದೆ. ನಿರ್ಲಕ್ಷ್ಯದ ಸಾವಿಗೆ ಹಿಂದೆ ಐಪಿಸಿ 304ಎ ಅಡಿ ಎರಡು ವರ್ಷದವರೆಗೆ ಇತ್ತು. ಈಗ ನ್ಯಾಯ ಸಂಹಿತೆಯ ಕಲಂ 106(1)ರಲ್ಲಿ ಐದು ವರ್ಷದವರೆಗೆ. ಘಟನೆ 2024ರ ಜುಲೈ 1ಕ್ಕಿಂತ ಮೊದಲಿನದಾದರೆ ಹಳೆಯ ಶಿಕ್ಷೆಯೇ ಅನ್ವಯ.

ಡ್ರೈವರ್‌ಗಳಿಗೆ ಪ್ರೊಬೇಷನ್ ಕೊಡಬಾರದು ಅನ್ನುವ ನಿಲುವನ್ನು ಸುಪ್ರೀಂ ಕೋರ್ಟ್ 2000ದ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ತಳೆಯಿತು. 2015ರ ಇನ್ನೊಂದು ಪ್ರಕರಣದಲ್ಲಿ ಪರಿಹಾರ ಕೊಟ್ಟಿದ್ದಾನೆ ಅಂತ ಹೈಕೋರ್ಟ್ 24 ದಿನದ ಜೈಲುವಾಸಕ್ಕೇ ಮುಗಿಸಿದ್ದನ್ನು ಒಪ್ಪದೆ ಆರು ತಿಂಗಳು ಮಾಡಿತು. ಹೀಗಾಗಿ ಹಣ ಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಗಾಡಿ ನಿಲ್ಲಿಸಿ ಗಾಯಾಳುವನ್ನು ಎತ್ತಿದ್ದು, ಪೊಲೀಸರಿಗೆ ತಾನೇ ಹೇಳಿದ್ದು, ಲೈಸೆನ್ಸ್ ಸರಿ ಇದ್ದದ್ದು ಇವೆಲ್ಲ ನೆರವಿಗೆ ಬರುತ್ತವೆ. ಹಿಂದಿನ ಟ್ರೇಲರ್‌ಗೆ ರಿಫ್ಲೆಕ್ಟರ್ ಇಲ್ಲದೆ ರಾತ್ರಿ ರಸ್ತೆಯಲ್ಲಿ ನಿಲ್ಲಿಸಿದ್ದರೆ ಅದು ಎದುರಾಳಿ ಸಂಗತಿ. ಟ್ರ್ಯಾಕ್ಟರ್ ಮಾಲೀಕರು ಇದನ್ನು ದಯವಿಟ್ಟು ಓದಿ. ಆ ರಿಫ್ಲೆಕ್ಟರ್ ಪಟ್ಟಿಗೆ ಆಗುವ ಖರ್ಚು ಎಷ್ಟು ಕಡಿಮೆ!

ಜಡ್ಜ್ ಮನಸ್ಸು ಮಾಡಿದರೆ ಕನಿಷ್ಠ ಶಿಕ್ಷೆಗಿಂತಲೂ ಕೆಳಗೆ ಹೋಗಬಹುದಾ?

ಕಾನೂನೇ ಆ ಅವಕಾಶ ಕೊಟ್ಟಿದ್ದರೆ ಮಾತ್ರ. ಅತ್ಯಾಚಾರದ ಪ್ರಕರಣಗಳಲ್ಲಿ "ವಿಶೇಷ ಕಾರಣ" ಬರೆದು ಕನಿಷ್ಠಕ್ಕಿಂತ ಕಡಿಮೆ ಕೊಡುವ ಅವಕಾಶವನ್ನು 2013ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಯಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ ಕಲಂ 6ರಲ್ಲಿ ಕನಿಷ್ಠವೇ 20 ವರ್ಷ. ಅಲ್ಲಿ ವಯಸ್ಸು, ಬಡತನ ಏನೇ ಹೇಳಿದರೂ 20ಕ್ಕಿಂತ ಕೆಳಗೆ ಬರುವುದಿಲ್ಲ.

ತಪ್ಪೊಪ್ಪಿಕೊಂಡು ಬೇಗ ಮುಗಿಸುವ ದಾರಿ ಇದೆಯಾ?

ಪ್ಲೀ ಬಾರ್ಗೇನಿಂಗ್ ಇದೆ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ. ಮಹಿಳೆಯರ, ಮಕ್ಕಳ ವಿರುದ್ಧದ ಅಪರಾಧಗಳಿಗೆ ಇಲ್ಲ. ಹೊಸ ಸುರಕ್ಷಾ ಸಂಹಿತೆಯಲ್ಲಿ ಆರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು. ಮೊದಲ ಸಲದ ಅಪರಾಧಿಗೆ, ಕನಿಷ್ಠ ಶಿಕ್ಷೆ ಇರುವ ಅಪರಾಧವಾದರೆ ಅದರ ಕಾಲು ಭಾಗ, ಉಳಿದವಕ್ಕೆ ನಿಗದಿತ ಶಿಕ್ಷೆಯ ಆರನೇ ಒಂದು ಭಾಗಕ್ಕೆ ಇಳಿಸಬಹುದು. ಇದರಲ್ಲಿ ಗಾಯಾಳುವೂ ಕೂತು ಮಾತಾಡುತ್ತಾರೆ, ಪರಿಹಾರ ಸಿಗುತ್ತದೆ. ಆದರೆ ಅಪರಾಧಿ ಅಂತ ತೀರ್ಪು ಆಗಿಯೇ ಆಗುತ್ತದೆ. ಸಾಕ್ಷ್ಯ ತೀರಾ ದುರ್ಬಲ ಇದ್ದಾಗ ಅವಸರ ಮಾಡಬೇಡಿ.

ಇನ್ನೊಂದು: 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದ ಮೊದಲ ಅಪರಾಧದಲ್ಲಿ, ವಸ್ತು ಅಥವಾ ಅದರ ಬೆಲೆ ಹಿಂದಿರುಗಿಸಿದರೆ ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ ಹೊಸ ನ್ಯಾಯ ಸಂಹಿತೆಯಲ್ಲಿ ಬಂದಿದೆ.

ವಿಚಾರಣೆ ವೇಳೆ ಜೈಲಿನಲ್ಲಿ ಕಳೆದ ದಿನಗಳು?

ಶಿಕ್ಷೆಯ ಅವಧಿಯಲ್ಲಿ ವಜಾ ಆಗುತ್ತವೆ (ಸುರಕ್ಷಾ ಸಂಹಿತೆಯ ಕಲಂ 468). ಜೈಲಿನಿಂದ ಬಂಧನ ಅವಧಿಯ ಪ್ರಮಾಣಪತ್ರ ತೆಗೆದುಕೊಳ್ಳಿ. ಆದೇಶದಲ್ಲಿ ದಿನಾಂಕ ಸರಿಯಾಗಿ ನಮೂದಾಗಿದೆಯಾ ಅಂತ ಅಲ್ಲೇ ಓದಿ ನೋಡಿ.

ಮೊದಲಿಂದಲೂ ತಲೆ ಸರಿ ಇಲ್ಲ ಅಂತ ಮನೆಯವರಿಗೆ ಗೊತ್ತು. ಹೇಗೆ ತೋರಿಸುವುದು?

ಘಟನೆ ನಡೆದಾಗ ತಾನೇನು ಮಾಡುತ್ತಿದ್ದೇನೆ ಅಂತಲೇ ತಿಳಿಯದ ಸ್ಥಿತಿ ಇದ್ದರೆ ಅದು ಪೂರ್ತಿ ರಕ್ಷಣೆ, ನ್ಯಾಯ ಸಂಹಿತೆಯ ಕಲಂ 22. ಅಷ್ಟಿಲ್ಲದ ಕಾಯಿಲೆ ಶಿಕ್ಷೆ ತಗ್ಗಿಸುವ ಸಂಗತಿ. ನಮ್ಮ ಕಡೆಯವರು ತೋರಿಸುವುದು ಹೆಚ್ಚಾಗಿ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ. ಅಲ್ಲಿನ ಹಳೆಯ ಚೀಟಿ, ಮಾತ್ರೆಯ ಪಟ್ಟಿ, ದಾಖಲಾದ ದಿನಾಂಕ ಇದ್ದರೆ ತುಂಬಾ ಉಪಯೋಗ. ಕೇಸಾದ ಮೇಲೆ ಮಾಡಿಸಿದ ಸರ್ಟಿಫಿಕೇಟಿಗಿಂತ ಕೇಸಿಗೂ ಮೊದಲಿನ ಮುದುಡಿದ ಚೀಟಿಗೆ ಬೆಲೆ ಜಾಸ್ತಿ. "ಊರಿಗೆ ಗೊತ್ತಾದರೆ ಮದುವೆ ಆಗಲ್ಲ" ಅಂತ ಅದನ್ನು ಮುಚ್ಚಿಡುವ ಮನೆಗಳಿವೆ. ಮಗನ ಜೀವನದ ಪ್ರಶ್ನೆ ಬಂದಾಗ ದಯವಿಟ್ಟು ಮುಚ್ಚಿಡಬೇಡಿ.

ಮರಣದಂಡನೆಯ ಕೇಸಿನಲ್ಲಿ ಏನು ಬದಲಾಗುತ್ತದೆ?

ಎಲ್ಲವೂ ಇನ್ನೂ ಬಿಗಿಯಾಗುತ್ತದೆ. 1980ರ ಬಚನ್ ಸಿಂಗ್ ತೀರ್ಪು "ವಿರಳಾತಿವಿರಳ" ಪ್ರಕರಣಕ್ಕೆ ಮಾತ್ರ ಗಲ್ಲು ಅಂದಿತು. ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯನ್ನೂ ನೋಡಬೇಕು. ಅವನು ಸುಧಾರಿಸುವುದಿಲ್ಲ ಅನ್ನುವುದನ್ನು ಸರ್ಕಾರವೇ ಸಾಕ್ಷ್ಯದಿಂದ ತೋರಿಸಬೇಕು. 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಆರೋಪಿಯ ಬಾಲ್ಯ, ಮನೆಯ ಹಿನ್ನೆಲೆ, ಓದು, ಮಾನಸಿಕ ಸ್ಥಿತಿ, ಜೈಲಿನ ನಡತೆ ಇವೆಲ್ಲವನ್ನೂ ವಿಚಾರಣಾ ಕೋರ್ಟೇ ಕಲೆಹಾಕಬೇಕು ಅಂದಿತು. ಸೆಷನ್ಸ್ ಕೋರ್ಟ್ ಕೊಟ್ಟ ಮರಣದಂಡನೆ ಹೈಕೋರ್ಟ್ ಒಪ್ಪುವವರೆಗೆ ಜಾರಿಯಾಗುವುದಿಲ್ಲ.

ಶಿಕ್ಷೆ ಅಂತಿಮವಾದ ಮೇಲೂ ಕೆಲವು ಸಂಗತಿ ಹುಟ್ಟಿಕೊಳ್ಳುತ್ತವೆ. ಬೆಳಗಾವಿಯ ಹಿಂಡಲಗಾ ಜೈಲಿನ ಎರಡು ಉದಾಹರಣೆ ಇಡೀ ದೇಶದ ಕಾನೂನಿನಲ್ಲಿ ಸೇರಿಹೋಗಿವೆ. ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ ಗಲ್ಲು ಶಿಕ್ಷೆಯಾಗಿ ಅಲ್ಲಿದ್ದ ವೀರಪ್ಪನ್‌ನ ನಾಲ್ವರು ಸಹಚರರ ಶಿಕ್ಷೆ 2014ರ ಜನವರಿ 21ರಂದು ಜೀವಾವಧಿಗೆ ಇಳಿಯಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಹಾಗೇ ಬಿದ್ದಿದ್ದೇ ಕಾರಣ. 2022ರ ನವೆಂಬರ್‌ನಲ್ಲಿ ಇನ್ನೊಬ್ಬನ ಗಲ್ಲು ಶಿಕ್ಷೆ ಕನಿಷ್ಠ 30 ವರ್ಷದ ಜೈಲಾಗಿ ಬದಲಾಯಿತು. ಕ್ಷಮಾದಾನದ ತೀರ್ಮಾನ ಆಗುವ ಮೊದಲಿಂದಲೂ ಅವನನ್ನು ಒಟ್ಟು ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟದ್ದು ಕಾನೂನುಬಾಹಿರ ಅಂತ ಕೋರ್ಟ್ ಹೇಳಿತು. ಇಂಥವರ ಅಪರಾಧ ನೆನೆದು ಸಿಟ್ಟು ಬರುವುದು ಸಹಜ. ಆದರೆ ಸರ್ಕಾರವೂ ಕಾನೂನಿನೊಳಗೇ ನಡೆಯಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ನಾವು ಪೆಟ್ಟು ತಿಂದವರ ಕಡೆಯವರು. ಆರೋಪಿಯ ಶಿಕ್ಷೆ ಇಳಿಸುತ್ತಾ ಹೋದರೆ ನಮ್ಮ ಗತಿ ಏನು?

ನಿಮಗೂ ಆ ದಿನ ಬಾಯಿದೆ. ಸರ್ಕಾರಿ ವಕೀಲರಿಗೆ ನೆರವಾಗಲು ನೀವು ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು. ಚಿಕಿತ್ಸೆಯ ಬಿಲ್ಲು, ಎಷ್ಟು ತಿಂಗಳ ಕೂಲಿ ಹೋಯಿತು, ಕೈ ಈಗ ಎಷ್ಟು ಕೆಲಸ ಮಾಡುತ್ತದೆ ಅನ್ನುವ ವೈದ್ಯರ ಕಾಗದ ಕೊಡಿ. ಪ್ರತಿ ಕೇಸಿನಲ್ಲೂ ಪರಿಹಾರದ ಪ್ರಶ್ನೆಯನ್ನು ಕೋರ್ಟ್ ಪರಿಗಣಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆರೋಪಿಯಿಂದ ಸಿಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಸಂತ್ರಸ್ತರ ಪರಿಹಾರ ಯೋಜನೆ ಇದೆ.

ಪರಿಹಾರ ಕಡಿಮೆಯಾದರೆ, ಸಣ್ಣ ಕಲಮಿಗೆ ಇಳಿಸಿದರೆ, ಖುಲಾಸೆ ಆದರೆ ನೀವೇ ಮೇಲ್ಮನವಿ ಹಾಕಬಹುದು. ಶಿಕ್ಷೆ ಸಾಲದು ಅನ್ನುವ ಮೇಲ್ಮನವಿ ಮಾತ್ರ ಸರ್ಕಾರವೇ ಹಾಕಬೇಕು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ವಕೀಲರಿಗೆ ಕೊಡಲು ಹಣ ಇಲ್ಲ.

ಜೈಲಿನಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಪ್ರಾಧಿಕಾರದ ಕಚೇರಿ, ತಾಲೂಕಿನಲ್ಲಿ ಸಮಿತಿ ಇದೆ. ಸಹಾಯವಾಣಿ 15100. ನೇಮಕವಾದ ವಕೀಲರಿಗೆ ಮೊದಲ ಭೇಟಿಯಲ್ಲೇ ಮನೆಯ ವಿಷಯ, ಓದು, ಕಾಯಿಲೆ ಎಲ್ಲ ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ಶಿಕ್ಷೆ ಜಾಸ್ತಿ ಆಯಿತು ಅನ್ನಿಸಿದರೆ ಎಲ್ಲಿಗೆ ಹೋಗಬೇಕು? ಮೇಲೆ ಹೋದರೆ ಇನ್ನೂ ಹೆಚ್ಚಾಗುತ್ತದೆ ಅಂತ ಹೆದರಿಸುತ್ತಾರೆ.

ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ಮೇಲೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ. ಸೆಷನ್ಸ್ ಕೋರ್ಟ್ ಕೊಟ್ಟದ್ದಾದರೆ 60 ದಿನದೊಳಗೆ ಹೈಕೋರ್ಟಿಗೆ, ಮರಣದಂಡನೆಯಾದರೆ 30 ದಿನ. ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ ಹೋಗಬೇಕು. ವಿಜಯಪುರದವರಿಗೆ ಕಲಬುರಗಿ ಪೀಠ. ತೀರ್ಪು ಒಪ್ಪಿಕೊಂಡು, ಶಿಕ್ಷೆಯ ಪ್ರಮಾಣ ಒಂದನ್ನೇ ಪ್ರಶ್ನಿಸಿಯೂ ಮೇಲ್ಮನವಿ ಹಾಕಬಹುದು.

ಶಿಕ್ಷೆ ಮೂರು ವರ್ಷದೊಳಗಿದ್ದು ನೀವು ಜಾಮೀನಿನಲ್ಲಿದ್ದರೆ, ಮೇಲ್ಮನವಿ ಹಾಕುವವರೆಗೆ ಶಿಕ್ಷೆ ತಡೆಹಿಡಿಯಲು ಅದೇ ಕೋರ್ಟಿಗೆ ಅರ್ಜಿ ಕೊಡಬಹುದು. ಆ ದಿನವೇ ಜಾಮೀನುದಾರರನ್ನು ಜೊತೆಗೆ ಕರೆತನ್ನಿ. ಇನ್ನು ಹೆದರಿಕೆಯ ಮಾತು: ನೀವು ಹಾಕಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಏರಿಸುವಂತಿಲ್ಲ. ಏರಿಸಬೇಕಾದರೆ ಸರ್ಕಾರ ಬೇರೆ ಮೇಲ್ಮನವಿ ಹಾಕಬೇಕು, ಇಲ್ಲವೇ ಹೈಕೋರ್ಟ್ ನಿಮಗೆ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು.

ಮೇಲಿನ ಕೋರ್ಟ್ ನೋಡುವುದು ಕೆಳಗಿನ ಕೋರ್ಟಿನ ಕಡತವನ್ನು. ಶಿಕ್ಷೆಯ ವಿಚಾರಣೆಯ ದಿನ ಕೊಟ್ಟ ಪ್ರತಿ ಕಾಗದಕ್ಕೂ ಒಂದು ಮೆಮೊ ಬರೆದು, ಪಟ್ಟಿ ಮಾಡಿ, ಕಡತಕ್ಕೆ ಸೇರಿಸಿ. ನಿಮ್ಮ ಪ್ರತಿಯ ಮೇಲೆ ಕೋರ್ಟಿನ ಸೀಲು, ತಾರೀಖು ಹಾಕಿಸಿಕೊಂಡು ಮನೆಗೆ ಹೋಗಿ.